ನಿವ್ವಳ ಶೂನ್ಯ ಮತ್ತು ಇಂಧನ ಜಾಲಗಳ ಹೊಂದಾಣಿಕೆ: ಹಾಸನ–ಚಿಕ್ಕಮಗಳೂರಿನ ಉದಾಹರಣೆಗಳೊಂದಿಗೆ

2070ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ಸಾಧಿಸುವುದಾಗಿ ಭಾರತವು 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಘೋಷಿಸಿತು. ವಾತಾವರಣಕ್ಕೆ ಎಷ್ಟು ಹಸಿರುಮನೆ ಅನಿಲ ಸೇರುತ್ತದೆಯೋ ಅಷ್ಟನ್ನು ಕಾಡು, ಮಣ್ಣು ಅಥವಾ ತಂತ್ರಜ್ಞಾನದ ಮೂಲಕ ಹಿಂದಕ್ಕೆ ಪಡೆಯುವ ಸ್ಥಿತಿಗೆ ನಿವ್ವಳ ಶೂನ್ಯ ಎಂದು ಹೆಸರು. ಇಂಧನದ ಪಠ್ಯಪುಸ್ತಕಗಳಲ್ಲಿ ವಿದ್ಯುತ್, ಸಾರಿಗೆ, ಕೃಷಿ, ಕೈಗಾರಿಕೆ ಎಂಬ ಅಧ್ಯಾಯಗಳು ಬೇರೆ ಬೇರೆಯಾಗಿರುವುದರಿಂದ ಇವುಗಳನ್ನು ಬೆಸೆಯುವ ‘ವಲಯ ಜೋಡಣೆ’ ಎಂಬ ಪರಿಕಲ್ಪನೆ ಹಲವರಿಗೆ ಅಸ್ಪಷ್ಟವಾಗಿಯೇ ಉಳಿಯುತ್ತದೆ. ಒಂದು ವಲಯದ ಬೇಡಿಕೆಯನ್ನು ಇನ್ನೊಂದು ವಲಯದ ಪೂರೈಕೆಯೊಂದಿಗೆ ಗಂಟೆ ಗಂಟೆಗೂ ಹೊಂದಿಸುವುದೇ ಅದರ ತಿರುಳು ಎಂಬುದು ನನ್ನ ತಿಳಿವಳಿಕೆ. ಅದನ್ನು ನಮ್ಮ ಕಣ್ಣೆದುರಿನ ಕಾಫಿ ತೋಟದ ನೀರಿನ ಪಂಪಿನಿಂದಲೇ ಆರಂಭಿಸಿ ನೋಡೋಣ.

ಫೆಬ್ರುವರಿ–ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೋಬಸ್ಟಾ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸಿ ಮೊಗ್ಗು ಅರಳಿಸಬೇಕಾಗುತ್ತದೆ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ನಾನು ಕಂಡಂತೆ, ಕೆರೆಯ ದಂಡೆಯ ಡೀಸೆಲ್ ಎಂಜಿನ್ ರಾತ್ರಿಯಿಡೀ ಓಡುತ್ತಿರುತ್ತದೆ, ಕೆಲಸದವರು ಟಾರ್ಚ್ ಹಿಡಿದು ಅಲ್ಯೂಮಿನಿಯಂ ಪೈಪುಗಳನ್ನು ಬಿಚ್ಚಿ ಹೆಗಲ ಮೇಲೆ ಮುಂದಿನ ಸಾಲಿಗೆ ಒಯ್ಯುತ್ತಾರೆ. ಡೀಸೆಲ್ ಬಿಟ್ಟು ವಿದ್ಯುತ್ ಮೋಟರ್ ಹಾಕಿದರೆ ಹೊರಸೂಸುವಿಕೆ ನಿಂತೇಹೋಗುತ್ತದೆ ಎಂದು ನಮಗೆ ಮೊದಲು ಅನ್ನಿಸುವುದು ಸಹಜ. ಲೆಕ್ಕ ಹಾಕಿದರೆ ಬೇರೆಯದೇ ಉತ್ತರ ಸಿಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದರಲ್ಲಿರುವ ಸುಮಾರು 10 ಯೂನಿಟ್ ಶಕ್ತಿಯಲ್ಲಿ ಎಂಜಿನ್ನಿನ ದಂಡಕ್ಕೆ ದಕ್ಕುವುದು ಹೆಚ್ಚೆಂದರೆ 3 ಯೂನಿಟ್. ಅಷ್ಟೇ ಕೆಲಸವನ್ನು ಶೇ. 85 ದಕ್ಷತೆಯ ಮೋಟರ್ ಮಾಡಬೇಕಾದರೆ ಸುಮಾರು 3.5 ಯೂನಿಟ್ ವಿದ್ಯುತ್ ಬೇಕು. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ ಮೋಟರ್‌ನ ಲೆಕ್ಕವೂ ಸುಮಾರು 2.5 ಕೆ.ಜಿ.ಗೆ ಬಂದು ನಿಲ್ಲುತ್ತದೆ. ಅಂದರೆ ತೋಟದಲ್ಲಿ ಕಾಣುತ್ತಿದ್ದ ಹೊಗೆ ಕಲ್ಲಿದ್ದಲು ಸ್ಥಾವರದ ಚಿಮಣಿಗೆ ವರ್ಗವಾಯಿತೇ ಹೊರತು ಹೆಚ್ಚೇನೂ ಕಡಿಮೆಯಾಗಲಿಲ್ಲ. ಅದೇ ಮೋಟರ್ ಮಧ್ಯಾಹ್ನ ಸೌರ ವಿದ್ಯುತ್ತಿನಿಂದ ಓಡಿದರೆ ಆ 2.5 ಕೆ.ಜಿ. ಬಹುಪಾಲು ಇಲ್ಲವಾಗುತ್ತದೆ. ಯಂತ್ರ ಬದಲಾದರೆ ಸಾಲದು, ಅದು ಓಡುವ ಹೊತ್ತೂ ಬದಲಾಗಬೇಕು ಎಂಬ ಈ ಒಂದು ಅಂಶವನ್ನು ಎಲ್ಲರೂ ಕೈಯಾರೆ ಲೆಕ್ಕ ಮಾಡಿ ಮನವರಿಕೆ ಮಾಡಿಕೊಳ್ಳಬೇಕೆಂಬುದು ನನ್ನ ಕೋರಿಕೆ.

ಇಲ್ಲಿ ಬೆಳೆಗಾರರ ಆಕ್ಷೇಪವನ್ನೂ ಗಂಭೀರವಾಗಿ ಪರಿಗಣಿಸಬೇಕು. ನಡುಮಧ್ಯಾಹ್ನ ಸ್ಪ್ರಿಂಕ್ಲರ್ ಹಾರಿಸಿದರೆ ಗಾಳಿಗೂ ಬಿಸಿಲಿಗೂ ನೀರು ವ್ಯರ್ಥವಾಗುತ್ತದೆ. ಮೇಲಾಗಿ ಎಲ್ಲ ತೋಟಗಳಿಗೂ ಅದೇ ಕೆಲವು ವಾರಗಳಲ್ಲಿ ನೀರು ಬೇಕಾಗಿರುವುದರಿಂದ ಫೀಡರ್ (ಉಪಕೇಂದ್ರದಿಂದ ಊರಿಗೆ ವಿದ್ಯುತ್ ತರುವ ಮಾರ್ಗ) ಮತ್ತು ಟ್ರಾನ್ಸ್‌ಫಾರ್ಮರ್‌ಗಳ ಮೇಲೆ ಒಮ್ಮೆಲೇ ಹೊರೆ ಬೀಳುತ್ತದೆ. ಮಲೆನಾಡಿನ ಇಳಿಜಾರು ಈ ತೊಡಕಿಗೆ ಒಂದು ದಾರಿಯನ್ನು ಒದಗಿಸುತ್ತದೆ. ಹಗಲಿನಲ್ಲಿ ಸೌರ ವಿದ್ಯುತ್ತಿನಿಂದ 10 ಲಕ್ಷ ಲೀಟರ್ ನೀರನ್ನು 30 ಮೀಟರ್ ಎತ್ತರದ ಹೊಂಡಕ್ಕೆ ಏರಿಸಿಟ್ಟರೆ ಅಲ್ಲಿ ಸುಮಾರು 82 ಯೂನಿಟ್ ಶಕ್ತಿ ಕೂಡಿಟ್ಟಂತಾಗುತ್ತದೆ. ರಾತ್ರಿ ಆ ನೀರು ಪಂಪಿಲ್ಲದೆಯೇ ಚದರ ಸೆಂಟಿಮೀಟರಿಗೆ ಸುಮಾರು 3 ಕೆ.ಜಿ. ಒತ್ತಡದಲ್ಲಿ ಕೆಳಗಿನ ಸಾಲುಗಳಿಗೆ ಇಳಿಯುತ್ತದೆ, ಪೈಪಿನ ಘರ್ಷಣೆಯಲ್ಲಿ ಒಂದಿಷ್ಟು ನಷ್ಟವಾಗುವುದನ್ನು ಬಿಟ್ಟರೆ. ನೀರನ್ನು ಮೇಲಕ್ಕೇರಿಸಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವ ದೊಡ್ಡ ಪ್ರಮಾಣದ ಪಂಪ್ಡ್ ಸ್ಟೋರೇಜ್ ಯೋಜನೆಗಳು ಅನುಸರಿಸುವುದೂ ಇದೇ ತತ್ವವನ್ನು. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯಡಿ ಕೃಷಿ ಫೀಡರ್‌ಗಳನ್ನೇ ಸೌರ ವಿದ್ಯುತ್ತಿಗೆ ಜೋಡಿಸುವ ಅವಕಾಶವಿದ್ದು, ಪಂಪ್‌ಸೆಟ್‌ಗಳಿಗೆ ಹಗಲಿನಲ್ಲಿ ವಿದ್ಯುತ್ ಕೊಡುವ ಕ್ರಮಕ್ಕೆ ಅದು ನೇರವಾಗಿ ನೆರವಾಗುತ್ತದೆ.

ವಿದ್ಯುತ್ತನ್ನು ನೀರಿನ ರೂಪದಲ್ಲಿ ಕೂಡಿಡುವಂತೆಯೇ ತಂಪಿನ ರೂಪದಲ್ಲಿಯೂ ಕೂಡಿಡಬಹುದು. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಸಂಜೆಯ ಹಾಲು ಡೇರಿಗೆ ಬರುವುದು ಸೂರ್ಯ ಮುಳುಗುವ ಹೊತ್ತಿಗೆ, ಅಂದರೆ ಸೌರ ವಿದ್ಯುತ್ ಕುಸಿದು ಮನೆಮನೆಯ ದೀಪಗಳು ಹೊತ್ತಿಕೊಳ್ಳುವ ಗಳಿಗೆಗೆ. ಸುಮಾರು 35 ಡಿಗ್ರಿಯಲ್ಲಿರುವ 1,000 ಲೀಟರ್ ಹಾಲನ್ನು 4 ಡಿಗ್ರಿಗೆ ಇಳಿಸಲು 370 ಕೆ.ಜಿ.ಯಷ್ಟು ಐಸ್ ಕರಗಿದರೆ ಸಾಕು. ಆ ಐಸನ್ನು ಮಧ್ಯಾಹ್ನವೇ ಕಟ್ಟಿಸಿಟ್ಟರೆ ಸಂಜೆಯ ಬೇಡಿಕೆಯಿಂದ 12ರಿಂದ 15 ಯೂನಿಟ್ ತಪ್ಪುತ್ತದೆ. ಒಂದು ಹಾಲು ಸಂಘದ ಮಟ್ಟಿಗೆ ಇದು ಅಲ್ಪವೆಂದು ಕಂಡರೂ ನೂರಾರು ಸಂಘಗಳ ಹೊರೆ ಒಂದೇ ಗಂಟೆಯಿಂದ ಸರಿದಾಗ ಉಪಕೇಂದ್ರಕ್ಕೆ ಅದರ ಪರಿಣಾಮ ಗೊತ್ತಾಗುತ್ತದೆ. ಡೇರಿಯಲ್ಲಿ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಇಟ್ಟು ಮತ್ತೆ ತಣಿಸುವ ಪಾಶ್ಚರೀಕರಣಕ್ಕೆ ಶಾಖವೂ ತಂಪೂ ಒಟ್ಟಿಗೇ ಬೇಕು. ಒಂದೆಡೆಯಿಂದ ಶಾಖವನ್ನು ತೆಗೆದು ಇನ್ನೊಂದೆಡೆಗೆ ಸಾಗಿಸುವ ಹೀಟ್ ಪಂಪ್ ಈ ಎರಡನ್ನೂ ಒಟ್ಟಿಗೆ ಪೂರೈಸಬಲ್ಲದಾದ್ದರಿಂದ ಬಾಯ್ಲರ್‌ನಲ್ಲಿ ಉರಿಯುವ ಇಂಧನದ ಬಹುಭಾಗವನ್ನು ಅದು ಉಳಿಸುತ್ತದೆ.

ಹೊಂದಾಣಿಕೆಯ ಆಡಳಿತಾತ್ಮಕ ಮುಖವನ್ನೂ ಗಮನಿಸಬೇಕು. ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ ಎಂಬ ಎರಡು ಬೇರೆ ಕಂಪನಿಗಳು ವಿದ್ಯುತ್ ಹಂಚುತ್ತವೆ. ಸಕಲೇಶಪುರ ಮತ್ತು ಮೂಡಿಗೆರೆ ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದು ಒಂದೇ ಬೆಳೆ ಬೆಳೆದರೂ ಅವುಗಳ ಫೀಡರ್ ವೇಳಾಪಟ್ಟಿ ಮಾಡುವ ಕಚೇರಿಗಳು ಬೇರೆ. ಇವೆರಡಕ್ಕೂ ಮೇಲಿನ ಪ್ರಸರಣ ಜಾಲ ಮಾತ್ರ ಒಂದೇ. ಉಡುಪಿ ಜಿಲ್ಲೆಯ 1,200 ಮೆಗಾವಾಟ್ ಕಲ್ಲಿದ್ದಲು ಸ್ಥಾವರದಿಂದ 400 ಕೆ.ವಿ. ಮಾರ್ಗವೊಂದು ಘಟ್ಟ ಹತ್ತಿ ಹಾಸನದ ಶಾಂತಿಗ್ರಾಮಕ್ಕೆ ಬರುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನ ವಿದ್ಯುತ್ತೂ ಸೇರುವುದು ಇದೇ ರಾಜ್ಯವ್ಯಾಪಿ ಜಾಲವನ್ನು. ನಮ್ಮ ಪಂಪಿಗೆ ಈ ಎರಡರಲ್ಲಿ ಯಾವುದರ ಪಾಲು ಹೆಚ್ಚು ಎಂಬುದನ್ನು ನಿರ್ಧರಿಸುವುದು ನಾವು ಸ್ವಿಚ್ ಒತ್ತುವ ಸಮಯ.

ಗಂಟೆಗಳಂತೆ ಋತುಗಳನ್ನೂ ಹೊಂದಿಸಬೇಕಾಗುತ್ತದೆ. ಸಕಲೇಶಪುರದ ಕಾಡಂಚಿನ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ಏರಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆಗೊಂಡಿತು. ಅದು ಘಟ್ಟದ ಪರಿಸರಕ್ಕೆ ಮಾಡುವ ಹಾನಿಯ ಕುರಿತ ಚರ್ಚೆ ಪ್ರತ್ಯೇಕವಾಗಿ ಓದಲೇಬೇಕಾದ ವಿಷಯ. ಇಂಧನದ ದೃಷ್ಟಿಯಿಂದ ಅದರ ಬೃಹತ್ ಪಂಪುಗಳು ಓಡುವುದು ಮಳೆಗಾಲದಲ್ಲಿ. ಆಗ ಮೋಡ ಕವಿದು ಸೌರ ವಿದ್ಯುತ್ ತಗ್ಗಿದರೂ ಚಿತ್ರದುರ್ಗ, ಗದಗದ ಕಡೆಯ ಗಾಳಿಯಂತ್ರಗಳು ಬಿರುಸಾಗಿ ತಿರುಗುತ್ತಿರುತ್ತವೆ, ಜಲವಿದ್ಯುತ್ ಒದಗಿಸುವ ಶರಾವತಿಯ ಜಲಾಶಯಕ್ಕೂ ನೀರು ಬರುತ್ತಿರುತ್ತದೆ. ಹಾಗಾಗಿ ಅದೇ ಸಕಲೇಶಪುರದಲ್ಲಿ ಮಾರ್ಚ್ ತಿಂಗಳ ಸ್ಪ್ರಿಂಕ್ಲರ್‌ಗೆ ಬಿಸಿಲನ್ನೂ ಜುಲೈ ತಿಂಗಳ ಏತ ಪಂಪಿಗೆ ಗಾಳಿಯನ್ನೂ ಜೋಡಿಸಿ ಯೋಜನೆ ಹಾಕಬೇಕಾಗುತ್ತದೆ.