ಅಜ್ಜನಿಗ್ಯಾಕೆ ಹವಾಮಾನದ ಚಿಂತೆ ಅನ್ನೋರಿಗೆ

ಮುಂಬೈ ಕಡೆ ಮಾಟುಂಗ, ಡೊಂಬಿವ್ಲಿಯಲ್ಲಿ ನಮ್ಮ ಕನ್ನಡದೋರು ನಾಕು ಜನ ಸೇರಿದ್ರೆ ಮಳೆ ಹದ ತಪ್ಪಿದ ವಿಷ್ಯ ಬಂದೇ ಬರತ್ತೆ, ಆಗ ಒಬ್ರಾದ್ರೂ ಹಿರಿಯರು "ಕಲಿಗಾಲ ಕಣ್ರೀ, ಹೀಗೇ ಆಗೋದು, ನಾವಿನ್ನೆಷ್ಟು ದಿನ" ಅಂತಾರೆ. ನಂಗಂತೂ ಈ ಮಾತು ತಡ್ಕೊಳಕ್ಕಾಗಲ್ಲ. ಇದು ಕಲಿಯ ಕೆಲಸ ಅಲ್ಲ, ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲಿನ ಕೆಲಸ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಕ್ಕೆ ಶುರು ಮಾಡಿದಾಗ ಭೂಮಿಯನ್ನ ಬಿಸಿ ಮಾಡೋ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ, ಅಂದ್ರೆ ಇಷ್ಟೂ ಏರಿದ್ದು ಇವತ್ತಿನ ಅಜ್ಜ-ಅಜ್ಜಿಯರ ಆಯಸ್ಸಲ್ಲೇ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ತಂಡ 2017ರಲ್ಲೇ ತೋರಿಸಿದೆ, 1950ರಿಂದ 2015ರೊಳಗೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿ ಮಳೆ ಮೂರು ಪಟ್ಟಾಗಿದೆ ಅಂತ.

ಆದ್ರೆ ಹೆದರಿಸಿದ್ರೆ ಹಿರಿಯರು ಏಳ್ತಾರಾ? ಇಲ್ಲಿದೆ ನಂಗೆ ತುಂಬಾ ಇಷ್ಟವಾದ ವಿಷ್ಯ. 2015ರಲ್ಲಿ ಅಮೆರಿಕದಲ್ಲಿ ಲೀಸಾ ಜವಾಲ್, ಎಜ್ರಾ ಮಾರ್ಕೊವಿಟ್ಜ್, ಎಲ್ಕೆ ವೇಬರ್ ಅನ್ನೋ ಸಂಶೋಧಕರು ಒಂದಷ್ಟು ಜನರಿಗೆ ಮುಂದಿನ ಪೀಳಿಗೆ ನಿಮ್ಮನ್ನ ಯಾವುದಕ್ಕೆ ನೆನೆಸ್ಕೋಬೇಕು, ಬರೀರಿ ಅಂದ್ರು, ಅಷ್ಟೇ, ಹವಾಮಾನದ ಹೆಸರೇ ಎತ್ತಲಿಲ್ಲ. ಹಾಗೆ ಬರೆದೋರು ಆಮೇಲೆ ಬರೀದೇ ಇದ್ದೋರಿಗಿಂತ ಪರಿಸರದ ಸಂಸ್ಥೆಗೆ ಜಾಸ್ತಿ ದುಡ್ಡು ಕೊಡಕ್ಕೆ ಒಪ್ಪಿದ್ರು. ಯಾಕಪ್ಪಾ ಅಂದ್ರೆ ಹವಾಮಾನದಲ್ಲಿ ಖರ್ಚು ಇವತ್ತು ನಂದು, ಲಾಭ ಐವತ್ತು ವರ್ಷ ಆದ್ಮೇಲೆ ಇನ್ಯಾರದ್ದೋ, ಆ ದೂರಾನ ಮನಸ್ಸು ದಾಟಲ್ಲ. ನೆನಪಾಗಿ ಉಳೀಬೇಕು ಅನ್ನೋ ಆಸೆ ಮಾತ್ರ ಸಲೀಸಾಗಿ ದಾಟತ್ತೆ, ಯಾಕಂದ್ರೆ ಆಗ ಆ ಐವತ್ತನೇ ವರ್ಷದಲ್ಲಿ ನಾನೂ ಒಂಥರಾ ಇರ್ತೀನಿ, ಮೊಮ್ಮಗಳ ಬಾಯಲ್ಲಿ. ಅಜ್ಜ ನೆಟ್ಟ ಹಲಸಿನ ಮರ ಅಂತ ಊರಲ್ಲಿ ಇವತ್ತಿಗೂ ತೋರಿಸ್ತಾರಲ್ಲ, ಹಾಗೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲೇ ಹೇಳಿದ್ರು, ನಡುವಯಸ್ಸಿಂದಾಚೆ ಮನುಷ್ಯನಿಗೆ ಮುಂದಿನೋರನ್ನ ಬೆಳೆಸೋದೇ ದೊಡ್ಡ ಹಸಿವು ಅಂತ.

ಸ್ವಿಟ್ಜರ್ಲೆಂಡಿನ ಅಜ್ಜಿಯರನ್ನ ನೋಡಿ, ಬಿಸಿಗಾಳಿ ನಮ್ಮ ಜೀವಕ್ಕೇ ಕುತ್ತು ಅಂತ ತಮ್ಮ ಸರ್ಕಾರದ ಮೇಲೇ ಕೇಸ್ ಹಾಕಿ 2024ರ ಏಪ್ರಿಲ್ 9ಕ್ಕೆ ಯುರೋಪಿನ ಮಾನವ ಹಕ್ಕುಗಳ ಕೋರ್ಟಲ್ಲಿ ಗೆದ್ರು, ಅವರ ಸರಾಸರಿ ವಯಸ್ಸು 73!

ಮುಂಬೈಯಲ್ಲಂತೂ ಹಿರಿಯರ ಕೈಯಲ್ಲಿ ನಿಜವಾದ ಅಧಿಕಾರ ಇದೆ. ಹೌಸಿಂಗ್ ಸೊಸೈಟಿ ಕಮಿಟಿ ನೋಡಿ, ಚೇರ್ಮನ್ನು, ಸೆಕ್ರೆಟರಿ ಹೆಚ್ಚಿನ ಕಡೆ ರಿಟೈರ್ ಆದೋರೇ. ಟೆರೇಸ್ ಮೇಲೆ ಸೋಲಾರ್ ಹಾಕಿ ಲಿಫ್ಟು ಪಂಪು ನಡೆಸೋದು, ಮಳೆನೀರು ಇಂಗಿಸೋದು, ಪಾರ್ಕಿಂಗಲ್ಲಿ ಇವಿ ಚಾರ್ಜಿಂಗು, ಎಲ್ಲಾ ಅವರ ಸಹಿ ಬೀಳಬೇಕು. ನಮ್ಮ ಪರಿಚಯದ ಒಂದು ಸೊಸೈಟಿಲಿ ಸೋಲಾರ್ ದುಡ್ಡು ವಾಪಸ್ ಬರೋಷ್ಟರಲ್ಲಿ ನಾವಿರ್ತೀವಾ ಅಂತಲೇ ಮುಂದೆ ಹಾಕ್ತಿದ್ರು. ಆಮೇಲೆ ಒಬ್ರು ಅಜ್ಜಿ ಮೀಟಿಂಗಲ್ಲಿ ಎದ್ದು, ನಾವಿಲ್ದೇ ಇದ್ರೂ ಈ ಲಿಫ್ಟಲ್ಲಿ ಓಡಾಡೋರು ನಮ್ಮ ಮಕ್ಳೇ ಅಲ್ವಾ, ಬೋರ್ಡಲ್ಲಿ ನಮ್ಮೆಲ್ಲರ ಹೆಸರು ಹಾಕ್ಸಿ, ಅಂದ್ರು. ಠರಾವು ಅವತ್ತೇ ಪಾಸಾಯ್ತು.