ಬಾವಿಗೂ ಹಡಗಿಗೂ ನಡುವೆ ಅಬ್ಕೈಕ್

ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದ ತೈಲ ಘಟಕಗಳಲ್ಲಿ ಪ್ರೊಸೆಸ್ ಎಂಜಿನಿಯರ್ ಆಗಿ ದುಡಿಯುತ್ತಿದ್ದ ವರ್ಷಗಳಲ್ಲಿ, ರಜೆಗೆ ಊರಿಗೆ ಬಂದಾಗಲೆಲ್ಲ ನನಗೆ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ಅಲ್ಲಿ ನೆಲ ಕೊರೆದರೆ ಎಣ್ಣೆ ತಾನಾಗಿ ಚಿಮ್ಮುತ್ತದಂತಲ್ಲ, ಮತ್ತೆ ನಿಮಗೆಲ್ಲ ಅಲ್ಲೇನು ಕೆಲಸ? ಬಾವಿಯಿಂದ ಮೇಲೆ ಬರುವುದು ಹಡಗಿಗೆ ತುಂಬಬಹುದಾದ ಸರಕಲ್ಲ, ಅದು ಎಣ್ಣೆ, ಅನಿಲ, ಕಡಲಿನ ನೀರಿಗಿಂತ ಉಪ್ಪಾದ ನೀರು ಮತ್ತು ವಿಷಾನಿಲಗಳ ಮಿಶ್ರಣ ಎಂಬುದೇ ನನ್ನ ಉತ್ತರವಾಗಿತ್ತು. ಆ ಮಿಶ್ರಣವನ್ನು ಹಡಗಿಗೆ ಯೋಗ್ಯವಾಗಿಸುವ ದಾರಿಯಲ್ಲಿ ಬರುವ ದೊಡ್ಡ ಘಟಕವೇ ಅಬ್ಕೈಕ್.

1948ರಲ್ಲಿ ಪತ್ತೆಯಾದ ಅಲ್ಲಿನ ಘವಾರ್ ತೈಲಕ್ಷೇತ್ರ ಸುಮಾರು 280 ಕಿಲೋಮೀಟರ್ ಉದ್ದವಿದೆ. ಎಣ್ಣೆ ತೆಗೆದಂತೆಲ್ಲ ಆಳದ ಸುಣ್ಣಕಲ್ಲಿನ ಪದರದಲ್ಲಿ ಒತ್ತಡ ಕುಸಿಯದಿರಲೆಂದು, ಕೊಲ್ಲಿಯ ದಡದ ಕುರಯ್ಯಾದಲ್ಲಿ ಸಮುದ್ರದ ನೀರನ್ನು ಶುದ್ಧೀಕರಿಸಿ, ಮರುಭೂಮಿಯುದ್ದಕ್ಕೂ ಕೊಳವೆಗಳಲ್ಲಿ ಸಾಗಿಸಿ, ಕ್ಷೇತ್ರದ ಅಂಚಿನ ಬಾವಿಗಳ ಮೂಲಕ ಒಳಗೆ ತಳ್ಳುತ್ತಾರೆ. ಆ ನೀರು ಎಣ್ಣೆಯನ್ನು ನಡುವಿನ ಬಾವಿಗಳತ್ತ ದೂಡುತ್ತದೆ, ವರ್ಷಗಳು ಕಳೆದ ಮೇಲೆ ತಾನೂ ಎಣ್ಣೆಯ ಜೊತೆಗೇ ಮೇಲೆ ಬರತೊಡಗುತ್ತದೆ.

ಈ ಮಿಶ್ರಣ ಮೊದಲು ಸೇರುವುದು ನಾವು 'ಗಾಸ್ಪ್' ಎಂದು ಕರೆಯುವ, ಅನಿಲ ಮತ್ತು ಎಣ್ಣೆಯನ್ನು ಬೇರ್ಪಡಿಸುವ ಘಟಕವನ್ನು. ಅಲ್ಲಿ 'ಟ್ರ್ಯಾಪ್' ಎಂಬ ಉದ್ದನೆಯ ಉಕ್ಕಿನ ಪಾತ್ರೆಗಳಲ್ಲಿ ಒತ್ತಡವನ್ನು ಹಂತಹಂತವಾಗಿ ಇಳಿಸಲಾಗುತ್ತದೆ. ಒಮ್ಮೆಗೇ ಇಳಿಸಿದರೆ, ಅಲುಗಾಡಿಸಿ ತೆರೆದ ಗೋಲಿ ಸೋಡಾದಲ್ಲಿ ಬುರುಗಿನ ಜೊತೆ ಸೋಡಾವೇ ಚೆಲ್ಲಿಹೋಗುವಂತೆ, ಅನಿಲವು ಬೆಲೆಬಾಳುವ ಹಗುರ ಎಣ್ಣೆಯನ್ನೂ ಹೊತ್ತೊಯ್ಯುತ್ತದೆ. ನೀರಿನ ಹನಿಗಳಂತೂ ಎಣ್ಣೆಯೊಳಗೆ ಕಡೆದ ಮಜ್ಜಿಗೆಯಂತೆ ಬೆರೆತಿರುತ್ತವೆ. ಅವನ್ನು ಒಡೆಯಲು ರಾಸಾಯನಿಕ ಬೆರೆಸಿ, ವಿದ್ಯುತ್ ಕ್ಷೇತ್ರದೊಳಗೆ ಹಾಯಿಸಿ, ಸಿಹಿನೀರಿನಿಂದ ಉಪ್ಪನ್ನು ತೊಳೆಯಬೇಕು. ಉಪ್ಪು ಉಳಿದರೆ ಮುಂದೆ ಸಂಸ್ಕರಣಾಗಾರದ ಕೊಳವೆಗಳು ತುಕ್ಕು ಹಿಡಿಯುತ್ತವೆ.

ಇಷ್ಟಾದರೂ ಹೈಡ್ರೋಜನ್ ಸಲ್ಫೈಡ್ ಎಣ್ಣೆಯಲ್ಲಿ ಕರಗಿಯೇ ಇರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಕೊಳೆತ ಮೊಟ್ಟೆಯ ವಾಸನೆ ಹೊಡೆಯುವ ಈ ಅನಿಲ, ನೂರು ಭಾಗದಷ್ಟಾದರೆ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ಅಂದರೆ ವಾಸನೆ ನಿಂತಿತೆಂದು ನಿಟ್ಟುಸಿರು ಬಿಟ್ಟವನೇ ಅಪಾಯದಲ್ಲಿದ್ದಾನೆ. ಆದ್ದರಿಂದ ಎದೆಯ ಮೇಲಿನ ಕಿಸೆಗೆ ಸಿಕ್ಕಿಸಿದ ಡಿಟೆಕ್ಟರ್ ಹತ್ತಕ್ಕೇ ಕೂಗಬೇಕು, ಪಾಳಿಗೆ ಬಂದವನು ಗೇಟು ದಾಟುತ್ತಲೇ ಗಾಳಿಯ ದಿಕ್ಕು ತೋರುವ, ಕಂಬದ ಮೇಲಿನ ಗಾಳಿಚೀಲ ಯಾವ ಕಡೆಗೆ ತೂಗುತ್ತಿದೆ ಎಂದು ನೋಡಬೇಕು. ಕೆಲಸ ಬಿಟ್ಟು ಬಂದ ಮೇಲೂ ಪೆಟ್ರೋಲ್ ಬಂಕಿನಲ್ಲಿ ನನ್ನ ಕಣ್ಣು ಆ ಚೀಲವನ್ನು ಹುಡುಕುತ್ತ ಮೇಲಕ್ಕೆ ಹೋಗುತ್ತದೆ.

ಎಣ್ಣೆಯಿಂದ ಈ ಅನಿಲವನ್ನು ಬೇರ್ಪಡಿಸುವ ಅತಿ ದೊಡ್ಡ ತಾಣ ಅಬ್ಕೈಕ್. ಗಾಸ್ಪ್‌ಗಳಿಂದ ಬಂದ ಎಣ್ಣೆ ಸ್ಫಿರಾಯ್ಡ್ ಎಂಬ ಚಪ್ಪಟೆ ಗೋಳದಂಥ ತೊಟ್ಟಿಗಳಲ್ಲಿ ಒಂದಿಷ್ಟು ಅನಿಲ ಬಿಟ್ಟು, ಸ್ಟೆಬಿಲೈಸರ್ ಗೋಪುರಗಳ ತಟ್ಟೆಗಳ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಬುಡದಲ್ಲಿ ಕೊಟ್ಟ ಶಾಖದಿಂದ ಎದ್ದ ಆವಿ ವಿಷಾನಿಲವನ್ನು ಹೊತ್ತು ಮೇಲೇರುತ್ತದೆ, ತಳದಲ್ಲಿ ಹಡಗಿಗೆ ಯೋಗ್ಯವಾದ ಎಣ್ಣೆ ಉಳಿಯುತ್ತದೆ. ದಿನಕ್ಕೆ ಸುಮಾರು 70 ಲಕ್ಷ ಬ್ಯಾರೆಲ್ ಸಾಮರ್ಥ್ಯದ ಘಟಕವಿದು.

2019ರ ಸೆಪ್ಟೆಂಬರ್ 14ರಂದು ಡ್ರೋನ್ ಮತ್ತು ಕ್ಷಿಪಣಿಗಳು ಅಬ್ಕೈಕ್ ಹಾಗೂ ಖುರೈಸ್ ತೈಲಕ್ಷೇತ್ರದ ಮೇಲೆ ಎರಗಿದಾಗ, ಸೌದಿಯ ಉತ್ಪಾದನೆಯ ಸುಮಾರು ಅರ್ಧದಷ್ಟು, ಅಂದರೆ ದಿನಕ್ಕೆ 57 ಲಕ್ಷ ಬ್ಯಾರೆಲ್, ನಿಂತಿತು. ಏಟು ಬಿದ್ದದ್ದು ನೆಲದಡಿಯ ನಿಕ್ಷೇಪಕ್ಕಲ್ಲ, ಸ್ಫಿರಾಯ್ಡ್‌ಗಳಿಗೂ ಅಬ್ಕೈಕ್‌ನ 18 ಸ್ಟೆಬಿಲೈಸರ್ ಗೋಪುರಗಳ ಪೈಕಿ ಐದಕ್ಕೂ. ಪಳಗಿಸದ ಎಣ್ಣೆಯನ್ನು ಹಡಗಿಗೆ ತುಂಬುವಂತಿಲ್ಲವಾದ್ದರಿಂದ ಬಾವಿಗಳನ್ನೇ ಮುಚ್ಚಬೇಕಾಯಿತು. ದಾಸ್ತಾನು ಕರಗಿಸಿ, ಕೆಲವು ಖರೀದಿದಾರರಿಗೆ ಹಗುರ ಎಣ್ಣೆಯ ಬದಲು ಭಾರದ ಎಣ್ಣೆ ಕೊಟ್ಟು ತಿಂಗಳನ್ನು ದಾಟಿಸಿದರು.

ತೈಲ ದೇಶಗಳ ಬಲವನ್ನು ನಿಕ್ಷೇಪದ ಲೆಕ್ಕದಲ್ಲಿ ಅಳೆಯುವುದು ರೂಢಿ. ನಾನಾದರೆ ನಡುವಿನ ಈ ಘಟಕಗಳನ್ನೇ ಮೊದಲು ಎಣಿಸುತ್ತೇನೆ. ಹೊರ್ಮುಜ್ ಜಲಸಂಧಿ ಮುಚ್ಚಿದರೂ ಎಣ್ಣೆ ಹರಿಯಲೆಂದು 1980ರ ದಶಕದಲ್ಲಿ ಕೆಂಪು ಸಮುದ್ರದ ಯಾನ್ಬುವಿನವರೆಗೆ ಹಾಕಿದ ಸುಮಾರು 1,200 ಕಿಲೋಮೀಟರ್ ಉದ್ದದ ಕೊಳವೆಮಾರ್ಗವೂ ಆರಂಭವಾಗುವುದು ಅಬ್ಕೈಕ್‌ನಿಂದಲೇ.