ಮಗ್ಗುಲು ಬದಲಿಸಿದರೆ ತಲೆ ಸುತ್ತುವ ರೋಗಿ: ಬಿಪಿಪಿವಿ ಟಿಪ್ಪಣಿ

ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ತಲೆಸುತ್ತೆಂದು ಬರುವವರ ಚೀಲದಲ್ಲಿ ಕತ್ತಿನ ಎಕ್ಸ್-ರೇ ಇರುತ್ತದೆ, ರಕ್ತಪರೀಕ್ಷೆಯ ಚೀಟಿಗಳಿರುತ್ತವೆ, ಒಮ್ಮೊಮ್ಮೆ ಮಿದುಳಿನ ಸ್ಕ್ಯಾನ್ ಕೂಡ. ಕತ್ತಿಗೆ ಪಟ್ಟಿ ಕಟ್ಟಿಕೊಂಡೇ ಬರುವವರೂ ಇದ್ದಾರೆ. ಇವರಲ್ಲಿ ಅನೇಕರಿಗಿರುವುದು ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಸ್ವಲ್ಪ ಹೊತ್ತು ಬರುವ ಒಳಕಿವಿಯ ತಲೆಸುತ್ತು. ಅದನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ನೋಡಿ ಪತ್ತೆಮಾಡಬಹುದು. ಅದೇ ಮಂಚದ ಮೇಲೆ ಗುಣಪಡಿಸಲೂಬಹುದು. ಆದ್ದರಿಂದ ಪರೀಕ್ಷೆಯ ಹೆಜ್ಜೆಗಳನ್ನು ಬಾಯಿಪಾಠ ಮಾಡುವ ಮೊದಲು ಒಳಕಿವಿಯಲ್ಲಿ ಏನಾಗಿದೆ ಎಂಬುದನ್ನು ಗಟ್ಟಿಮಾಡಿಕೊಳ್ಳಿ.

ಒಳಕಿವಿಯಲ್ಲಿ ಸಮತೋಲನ ಅರಿಯುವ ಪುಟ್ಟ ಚೀಲವಾದ ಯುಟ್ರಿಕಲ್‌ನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸೂಕ್ಷ್ಮ ಹರಳುಗಳಿವೆ. ವಯಸ್ಸಾದಂತೆ, ತಲೆಗೆ ಪೆಟ್ಟು ಬಿದ್ದಾಗ, ಕೆಲವರಲ್ಲಿ ಕಾರಣವೇ ತಿಳಿಯದಂತೆ ಅವು ಕಳಚಿಕೊಂಡು, ತಲೆ ತಿರುಗುವುದನ್ನು ಅರಿಯುವ ಅರ್ಧವೃತ್ತಾಕಾರದ ನಾಳದೊಳಗೆ ಸೇರುತ್ತವೆ. ಹಿಂಬದಿಯ ನಾಳ ತಗ್ಗಿನಲ್ಲಿರುವುದರಿಂದ ಬಹುಪಾಲು ಅಲ್ಲಿಗೇ ಹೋಗುತ್ತವೆ. ತಲೆ ಓರೆಯಾದಾಗ ಹರಳು ಜಾರುತ್ತದೆ, ಜೊತೆಗೆ ದ್ರವವನ್ನೂ ಎಳೆಯುತ್ತದೆ, ನಾಳದಲ್ಲಿ ಚಲನೆ ಅರಿಯುವ ಮೆತ್ತನೆಯ ಪರದೆಯಾದ ಕ್ಯುಪುಲಾ ಬಾಗುತ್ತದೆ. ತಲೆ ನಿಶ್ಚಲವಾಗಿದ್ದರೂ ತಿರುಗುತ್ತಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ.

ಪರೀಕ್ಷೆಯ ಲಕ್ಷಣಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಹರಳು ಚಲಿಸಲು ತುಸು ಹೊತ್ತು ಬೇಕು. ಹಾಗಾಗಿ ಮಲಗಿಸಿದ ಕೆಲವು ಸೆಕೆಂಡುಗಳ ನಂತರವೇ ಸುತ್ತು ಶುರುವಾಗುತ್ತದೆ. ಅದು ತಳ ಸೇರಿದ ಮೇಲೆ ದ್ರವ ನಿಲ್ಲುತ್ತದೆ. ಹಾಗಾಗಿ 1 ನಿಮಿಷದೊಳಗೆ ಅಡಗುತ್ತದೆ. ಎಬ್ಬಿಸಿ ಕೂರಿಸಿದರೆ ಹರಳು ಹಿಂದಕ್ಕೆ ಜಾರುವುದರಿಂದ ಸುತ್ತಿನ ಜೊತೆ ಕಾಣುವ ಕಣ್ಣುಗುಡ್ಡೆಯ ಪುಟಿತ, ಅಂದರೆ ಕಣ್ಣಿನ ಆಟವೂ ತಿರುಗುಮುರುಗಾಗುತ್ತದೆ. ಮತ್ತೆ ಮತ್ತೆ ಮಾಡಿದರೆ ಹರಳುಗಳು ಚದುರಿ ಸುತ್ತು ಮಂದವಾಗುತ್ತದೆ. ಇಷ್ಟು ಅರ್ಥವಾದರೆ ಪರೀಕ್ಷೆಯಲ್ಲಿ ಯಾರೂ ತಡವರಿಸುವುದಿಲ್ಲ.

ರೋಗದ ಚರಿತ್ರೆ ಕೇಳುವಾಗ ಎಷ್ಟು ಹೊತ್ತು, ಯಾವಾಗ ಎಂಬ ಎರಡನ್ನೂ ಪಟ್ಟುಹಿಡಿದು ಕೇಳಿ. ಮೆಕ್ಕೆಜೋಳ ಹರವಲು ಬಗ್ಗಿದಾಗ, ಅಟ್ಟದ ಪಾತ್ರೆಗೆ ಕತ್ತೆತ್ತಿದಾಗ, ಹಾಸಿಗೆಯಲ್ಲಿ ಹೊರಳಿದಾಗ ಎನ್ನುತ್ತಾರೆ. ‘ದಿನವೆಲ್ಲಾ ಸುತ್ತುತ್ತದೆ’ ಎಂದವರನ್ನು ‘ಅವ್ವ, ಮನೆ ಗಿರಗಿರನೆ ತಿರುಗಿದ್ದು ಎಷ್ಟು ಹೊತ್ತು?’ ಎಂದು ಕೇಳಿದರೆ ಅರೆ ನಿಮಿಷ ಎಂದಾರು. ಉಳಿದದ್ದು ವಾಕರಿಕೆ, ಅಳುಕು. ಏಳದೆ ಬರೀ ಮಗ್ಗುಲು ಬದಲಿಸಿದರೂ ಬರುವ ಸುತ್ತು ರಕ್ತದೊತ್ತಡ ಕುಸಿದದ್ದರಿಂದಲ್ಲ. ಮಲಗಿದಲ್ಲೇ ಹೊರಳಿದರೂ ಬರುತ್ತದೆಯೇ ಎಂಬ ಈ ಒಂದು ಪ್ರಶ್ನೆಯನ್ನು ನಾನು ಎಂದೂ ಬಿಡುವುದಿಲ್ಲ.

ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ, ಅಂದರೆ ಮಲಗಿಸಿ ಕಣ್ಣು ನೋಡುವ ಪರೀಕ್ಷೆ, 1952ರದ್ದು. ಬಲಗಿವಿಯ ಅನುಮಾನವಿದ್ದರೆ ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ತಲೆ ಮಂಚದ ಅಂಚಿನಿಂದ ಸುಮಾರು 20 ಡಿಗ್ರಿ ಕೆಳಗಿಳಿಯಲಿ. ‘ಸುತ್ತು ಬರುತ್ತದೆ, ನಾನು ಹಿಡಿದಿದ್ದೇನೆ, ಕಣ್ಣು ಮಾತ್ರ ಮುಚ್ಚಬೇಡಿ’ ಎಂದು ಮೊದಲೇ ಹೇಳಿ. ಎರಡು ಮೂರು ಕ್ಷಣ ಏನೂ ಕಾಣದೆ ಇದ್ದಕ್ಕಿದ್ದಂತೆ ರೋಗಿ ನಿಮ್ಮ ಮುಂಗೈಯನ್ನು ಬಿಗಿಯಾಗಿ ಹಿಡಿಯುತ್ತಾರೆ. ಆಗ ಕಣ್ಣುಗುಡ್ಡೆ ಹಣೆಯತ್ತ ಪುಟಿಯುತ್ತಾ, ಅದರ ಮೇಲಂಚು ಕೆಳಗಿರುವ ಕಿವಿಯತ್ತ ತಿರುಚಿಕೊಳ್ಳುವುದು ಕಾಣುತ್ತದೆ. ತಿರುಚುವುದನ್ನು ಬಿಳಿಗುಡ್ಡೆಯ ರಕ್ತನಾಳದ ಮೇಲೆ ನೋಟವಿಟ್ಟು ಗುರುತಿಸುವುದು ಸುಲಭ.

ಕಂಡಿತೆಂದರೆ ಅಲ್ಲಿಂದಲೇ, ಹರಳನ್ನು ನಾಳದಿಂದ ಹೊರಗೆ ಸರಿಸುವ ಎಪ್ಲೆ ವಿಧಾನಕ್ಕೆ ಹೋಗಿ. ಜಾನ್ ಎಪ್ಲೆ ಅದನ್ನು ವಿವರವಾಗಿ ಪ್ರಕಟಿಸಿದ್ದು 1992ರಲ್ಲಿ. ಬಲಗಿವಿಯದಾದರೆ, ಸುತ್ತು ನಿಂತ ಮೇಲೆ ತಲೆಯನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ. ನಂತರ ಇಡೀ ದೇಹವನ್ನು ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲದತ್ತ ಇರಲಿ. ಕೊನೆಗೆ ಗದ್ದ ತಗ್ಗಿಸಿ ಕೂರಿಸಿ. ಪ್ರತಿ ಭಂಗಿಯಲ್ಲೂ 30 ಸೆಕೆಂಡಾದರೂ ಕಾಯಿರಿ. ಅವಸರ ಮಾಡಿದರೆ ಹರಳು ದಾರಿಯಲ್ಲೇ ಉಳಿಯುತ್ತದೆ. ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಯಲ್ಲಿ ಎರಡೂ ಕಡೆ ಏನೂ ಕಾಣದಿದ್ದರೆ ಅಂಗಾತ ಮಲಗಿಸಿ ತಲೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಅಡ್ಡನಾಳವನ್ನು ಪರೀಕ್ಷಿಸಿ. ಅದರ ಚಿಕಿತ್ಸೆಯ ಕ್ರಮವೇ ಬೇರೆ. ಕತ್ತಿನ ಮೂಳೆ ತೀರಾ ಸವೆದವರಿಗೆ ತಲೆ ಜೋಲಿಸದೆ ಪಕ್ಕಕ್ಕೆ ಮಲಗಿಸಿ ಮಾಡುವ ಸೆಮಾಂಟ್ ವಿಧಾನ ಒಳ್ಳೆಯದು.

ಕಣ್ಣು ಕೆಳಮುಖವಾಗಿ ಪುಟಿದರೆ, ಆಟ ನಿಲ್ಲದೇ ಹೋದರೆ, ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಹಿಡಿದುಕೊಂಡರೂ ನಡೆಯಲಾಗದಿದ್ದರೆ ಮಿದುಳಿನ ತೊಂದರೆಯನ್ನು ಯೋಚಿಸಿ. ಸ್ಕ್ಯಾನ್‌ಗೆ ಕಳುಹಿಸಬೇಕಾದದ್ದು ಇಂಥವರನ್ನು.

ಇನ್ನು ತಲೆಸುತ್ತು, ವಾಂತಿಗೆ ಬರೆಯುವ ಮಾತ್ರೆ. ಪ್ರೊಕ್ಲೋರ್‌ಪೆರಜೀನ್, ಸಿನ್ನರಿಜೀನ್ ಹರಳನ್ನು ಅಲುಗಿಸಲಾರವು. ವಾಂತಿ ಬಹಳವಿದ್ದರೆ ಒಂದು ಸಲ ಕೊಡಿ, ತಪ್ಪಲ್ಲ. ಆದರೆ ವಯಸ್ಸಾದವರಿಗೆ ತಿಂಗಳುಗಟ್ಟಲೆ ಬರೆದರೆ ತೂಕಡಿಕೆ, ಬೀಳುವಿಕೆ, ಪಾರ್ಕಿನ್ಸನ್‌ನಂಥ ಕೈನಡುಕ ಬರಬಹುದು. ಇಂಥ ಚೀಟಿಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಪ್ಲೆ ಆದಮೇಲೆ ಕುಳಿತೇ ನಿದ್ದೆ ಮಾಡಬೇಕೆಂಬ ಕಟ್ಟುಪಾಡು ಬೇಡ. ಕೆಲವು ದಿನ ತೂರಾಡಿದಂತೆ ಅನ್ನಿಸಬಹುದು, ಕಾಯಿಲೆ ಮರುಕಳಿಸಲೂಬಹುದು ಎಂದು ಮೊದಲೇ ತಿಳಿಸಿ. ವಿಟಮಿನ್ ಡಿ ಕೊರತೆಯಿದ್ದರೆ ಸರಿಪಡಿಸಿ, ಮರುಕಳಿಸುವುದು ಕಡಿಮೆಯಾಗುತ್ತದೆ. ಚನ್ನಗಿರಿ ಕಡೆಯವರಾದರೆ ಅಡಿಕೆ ಮರ ಹತ್ತುವ ಕೆಲಸವಿದೆಯೇ ಎಂದು ಕೇಳಿ. ಮರುಪರೀಕ್ಷೆಯಲ್ಲಿ ಕಣ್ಣು ನಿಶ್ಚಲವಾಗುವವರೆಗೆ ಮರ, ಏಣಿ, ಬೈಕ್ ಮೂರೂ ಬೇಡವೆಂದು ಜೊತೆಗೆ ಬಂದವರಿಗೂ ಕೇಳಿಸುವಂತೆ ಹೇಳಿ.